ಮೆಷಿನ್ನಿಗೆ ಮುಹೂರ್ತವಿಟ್ಟ ನಂಜೇಶ

ನಂಜನಗೂಡಿನ ಅಂಗಡಿ ಬೀದಿಯ ನಂಜೇಶನನ್ನು ಈ ಸಾಲುಗಳನ್ನು ಬರೆಯುತ್ತಿರುವವನು ಬಹಳ ಕಾಲ ಮಕ್ಕಳ ವೈದ್ಯನೆಂದೇ ತಿಳಿದಿದ್ದ. ತಪ್ಪು ಪೂರ್ತಿಯಾಗಿ ತಿಳಿದವನದಲ್ಲ. ಅಂಗಡಿಯ ಮೇಲೆ ‘ಕಂಪ್ಯೂಟರ್ ಚಿಕಿತ್ಸಾಲಯ’ ಎಂಬ ಬೋರ್ಡಿತ್ತು, ಪಕ್ಕದಲ್ಲಿ ಕೆಂಪು ಪ್ಲಸ್ ಗುರುತೂ ಇತ್ತು. ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಜೋತುಬಿದ್ದು ‘ಕಂಪ್ಯೂಟರ್’ ಅನ್ನುವ ಭಾಗವನ್ನು ನುಂಗಿಹಾಕಿತ್ತು. ಒಳಗೆ ಬೆಂಚಿನ ಮೇಲೆ ಹೆಂಗಸೊಬ್ಬಳು ಟವಲು ಸುತ್ತಿದ ಗಂಟೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಂಜೇಶ ಕಣ್ಣು ಅರೆಮುಚ್ಚಿ ವಿಚಾರಿಸುತ್ತಿದ್ದ.

“ಮೈ ಬಿಸಿಯಾಗುತ್ತಾ?”

“ಕೆಂಡ ಆಯ್ತದೆ ಸಾ.”

“ವಯಸ್ಸೆಷ್ಟು?”

“ಬರೋ ದೀಪಾವಳಿಗೆ ಆರು ತುಂಬ್ತದೆ.”

“ಇದ್ದಕ್ಕಿದ್ದಂಗೆ ಮಂಕಾಗಿ ಕೂತ್ಬಿಡುತ್ತಾ?”

“ಊ ಸಾ. ಎಷ್ಟು ಕುಟ್ಟಿದ್ರೂ ಅಲ್ಲಾಡಕಿಲ್ಲ.”

ನಂಜೇಶ ಗಂಟಿಗೆ ಕಿವಿಯಿಟ್ಟು ಆಲಿಸಿ, “ಬಿಟ್ಟು ಹೋಗಿ. ಈಗ ತಾನೇ ಹುಟ್ಟಿದಂಗೆ ಮಾಡಿಕೊಡ್ತೀನಿ” ಅಂದ. ಹೆಂಗಸು ನಿಶ್ಚಿಂತೆಯಿಂದ ಗಂಟನ್ನು ಅಲ್ಲೇ ಬಿಟ್ಟು ತರಕಾರಿ ತರಲು ಹೊರಟೇಬಿಟ್ಟಳು. ಮಗುವನ್ನು ಕುಟ್ಟುವ ತಾಯಿ, ಕೂಸನ್ನು ಬಿಟ್ಟುಹೋಗು ಅನ್ನುವ ವೈದ್ಯ ಎಂದು ಬೆಚ್ಚಿಬಿದ್ದು ಒಳಗೆ ಇಣುಕಿದಾಗಲೇ ಟವಲಿನ ಸಂದಿಯಿಂದ ಲ್ಯಾಪ್‌ಟಾಪಿನ ವೈರು ನೇತಾಡುತ್ತಿರುವುದು ಕಂಡಿದ್ದು.

ವೈದ್ಯನೆಂದು ಯಾರಾದರೂ ತಪ್ಪು ತಿಳಿದರೆ ನಂಜೇಶನಿಗೇನೂ ಬೇಸರವಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ಸ್ವಲ್ಪ ಹಾಗೇ ಅನ್ನಿಸಿತ್ತು. ಹಿಂದೆ ಅವನು ತಾಂಡ್ಯದ ಒಂದು ನೂಲಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸಕ್ಕಿದ್ದ. ಒಂದು ದಿನ ಮ್ಯಾನೇಜರರ ಕಂಪ್ಯೂಟರ್ ಕೈಕೊಟ್ಟಿತು. ಬೇರೆ ಯಾರೂ ಸಿಗದೆ ನಂಜೇಶನನ್ನು ಕರೆದರು. ಅವನು ಎಲ್ಲೆಲ್ಲೋ ಒತ್ತುತ್ತಾ ಹೋಗಿ, ಅದನ್ನು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಒಯ್ದು ಬಿಡುವ ಗುಂಡಿಗೆ ತಲುಪಿದ. ಅದನ್ನೂ ಒತ್ತಿದ. ಮೆಷಿನ್ನು ಎದ್ದು ಕೂತಿತು. ಮ್ಯಾನೇಜರರ ಮಗಳ ಮದುವೆಯ ಫೋಟೋಗಳೆಲ್ಲ ಹೋದವು ಅನ್ನುವುದು ಆಮೇಲಿನ ಮಾತು. ಅಂದಿನಿಂದ ಮೊದಲು ಫೈಲುಗಳನ್ನು ಬೇರೆ ಕಡೆ ತೆಗೆದಿಡುವುದನ್ನು ಕಲಿತ. ಉಳಿದಂತೆ ಸರ್ವರೋಗಕ್ಕೂ ಒಂದೇ ಮದ್ದು, ರಿಸೆಟ್ಟು. “ನಂಜೇಶನ ಕೈಗುಣ” ಎಂಬ ಮಾತು ನಂಜನಗೂಡು ದಾಟಿ ತಿ. ನರಸೀಪುರದವರೆಗೆ ಹೋಯಿತು. ಅದನ್ನು ಅಲ್ಲಿಗೆ ಒಯ್ದವರಲ್ಲಿ ನಂಜೇಶನೂ ಒಬ್ಬ.

ಆ ಕೈಗುಣ ನಂಬಿಕೊಂಡೇ ಪುಟ್ಟಬಸಮ್ಮ ಬಂದದ್ದು. ನರಸೀಪುರದ ತಾಲ್ಲೂಕು ಕಚೇರಿಯ ಎದುರು ಆಕೆಯದೊಂದು ಗೂಡಿನಂಥ ಅಂಗಡಿ. ಗಂಡ ಟೈಪ್ ಮಾಡಿಕೊಡುತ್ತಿದ್ದ ಜಾಗದಲ್ಲೇ, ಅವನು ತೀರಿಕೊಂಡ ಮೇಲೆ ಆಕೆ ಕಂಪ್ಯೂಟರ್ ಇಟ್ಟುಕೊಂಡು ಪಹಣಿ ತೆಗೆಯುವುದು, ಜಾತಿ-ಆದಾಯದ ಅರ್ಜಿ ಹಾಕುವುದು, ಪಿಂಚಣಿಯ ಮುದುಕರ ಹೆಬ್ಬೆಟ್ಟು ಒತ್ತಿಸಿಕೊಡುವುದು ಮಾಡುತ್ತಿದ್ದಳು. ಮೆಷಿನ್ನು ನಿಧಾನವಾಗಿ, ಕಡೆಗೆ ಬೆಳಗ್ಗೆ ಹಚ್ಚಿದರೆ ಕಾಫಿ ಕುಡಿದು ಬರುವಷ್ಟು ಹೊತ್ತು ಮುಖ ತೋರಿಸದಂತಾದಾಗ, ಬದನವಾಳಿನ ಖಾದಿ ಟವಲಿನಲ್ಲಿ ಸಿಪಿಯು ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು.

ನಂಜೇಶ ಫೈಲುಗಳನ್ನೆಲ್ಲ ಜೋಪಾನ ಮಾಡಿ, ಒಳಗಿನ ದೂಳು ಊದಿ, ರಿಸೆಟ್ ಮಾಡಿದ. ಒಯ್ಯಲು ಬಂದವಳಿಗೆ ಎಂದಿನ ಮಾತನ್ನೇ ಹೇಳಿದ.

“ತಗಳಿ ಅಕ್ಕ, ಹೊಸ ಮೆಷಿನ್ನು. ಈಗ ಹುಟ್ಟಿದೆ.”

ಪುಟ್ಟಬಸಮ್ಮ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. “ಒಸದಾ?”

“ಹೊಸದೇ.”

“ಅಯ್ಯೋ ಶಿವನೇ, ಆಷಾಢ ಅಲ್ವಾ ಇದು! ಒಸಾ ಸೊಸೇನೇ ಮನೇಲಿ ಇಟ್ಕೊಳಕಿಲ್ಲ, ತವರಿಗೆ ಕಳಿಸ್ತೀವಿ. ಇನ್ನು ಒಸಾ ಮೆಷಿನ್ ಎಂಗಪ್ಪ ಶುರು ಮಾಡ್ಲಿ?”

“ಹಂಗಾದ್ರೆ ಆಷಾಢ ಕಳೆಯೋಗಂಟ ಇದೂ ಇಲ್ಲೇ ತವರಲ್ಲಿರಲಿ.”

“ಸೊಸೆ ತವರಿಗೋದ್ರೆ ಅತ್ತೆ ಅಡುಗೆ ಮಾಡ್ತಾಳೆ. ಇದು ಓದ್ರೆ ನನ್ ಅರ್ಜಿ ಯಾರು ಆಕ್ತಾರಪ್ಪಾ?”

ಮೊದಲೇ ಅಂಗಡಿಯಲ್ಲಿ ಜನ ಕಾಯುತ್ತಿದ್ದರು. ಈ ಅಕ್ಕ ಬೇಗ ಹೊರಟರೆ ಸಾಕಾಗಿತ್ತು. ಆಗ ನಂಜೇಶನಿಗೆ, ಅವನ ಬುದ್ಧಿಗೆ ಅವನೇ ಬೆನ್ನು ತಟ್ಟಿಕೊಳ್ಳುವಂಥ ಉಪಾಯ ಹೊಳೆಯಿತು. ಸಿಪಿಯು ಮತ್ತೆ ಹಚ್ಚಿ, ತಾರೀಕು ತಾನಾಗಿ ಸರಿಯಾಗುವುದನ್ನು ನಿಲ್ಲಿಸಿ, ಕೈಯಿಂದ ದಿನವನ್ನು ಹಿಂದಕ್ಕೆ ತಳ್ಳಿದ. ಪರದೆಯ ಮೂಲೆ ತೋರಿಸಿ ಕೇಳಿದ.

“ಇದ್ಯಾವ ದಿನ ನೋಡಿ?”

ಪುಟ್ಟಬಸಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು. ಬೆರಳು ಮಡಿಸಿ ಲೆಕ್ಕ ಹಾಕಿದಳು. ಮುಖ ಅರಳಿತು. “ಬಸವ ಜಯಂತಿ!”

“ಅಕ್ಷಯ ತದಿಗೆಯೂ ಅದೇ ದಿನ. ಇದಕ್ಕಿಂತ ಮುಹೂರ್ತ ಬೇಕಾ? ಈ ಮೆಷಿನ್ನಿಗೆ ಆಷಾಢ ಬಂದಿರೋದು ಗೊತ್ತೇ ಇಲ್ಲ ಅಕ್ಕ.”

“ನೀನು ಬಲೇ ಕಿಲಾಡಿ ಕಣಪ್ಪ” ಎಂದು ನಕ್ಕು, ಹೊಸ ಹುಟ್ಟನ್ನು ಟವಲಿನಲ್ಲಿ ಸುತ್ತಿಕೊಂಡು ಹೊರಟಳು. ಆಮೇಲೆ ಫೋನು ಮಾಡಿ ತಾರೀಕು ಸರಿಮಾಡಿಸಬೇಕು ಎಂದು ನಂಜೇಶ ಮನಸ್ಸಿನಲ್ಲೇ ಅಂದುಕೊಂಡ. ಮನಸ್ಸಿನಲ್ಲಿ ಅಂದುಕೊಂಡದ್ದು ಬೆಂಚಿನ ಮೇಲಿದ್ದ ಮುಂದಿನ ರೋಗಿಯ ಜೊತೆಗೇ ಎದ್ದುಹೋಯಿತು.

ಮಾರನೆಯ ದಿನವೇ ನರಸೀಪುರದಿಂದ ಫೋನು ಬಂತು. ರಿಸೆಟ್ ಆದ ಮೆಷಿನ್ನು ಹುಟ್ಟಿದ ಕಾಲದ ಬುದ್ಧಿಯಲ್ಲೇ ಇರುತ್ತದೆ. ನಡುವೆ ಬಂದ ಅಪ್‌ಡೇಟುಗಳನ್ನೆಲ್ಲ ಮತ್ತೆ ಹಾಕಿಸಿಕೊಂಡರೇ ಅದು ಇವತ್ತಿನ ಲೋಕಕ್ಕೆ ಬರುವುದು. ಇಲ್ಲಿ ಅದೇ ಆಗುತ್ತಿರಲಿಲ್ಲ. ಚುಕ್ಕಿಗಳು ಸುತ್ತಿ ಸುತ್ತಿ ಕಡೆಗೆ ಕೆಂಪಗೆ ಒಂದು ಸಾಲು ಬಂದು ನಿಲ್ಲುತ್ತಿತ್ತು. ಹೆಬ್ಬೆಟ್ಟು ಒತ್ತುವ ಯಂತ್ರವೋ, ಅಪ್‌ಡೇಟ್ ಆಗದ ಮೆಷಿನ್ನಿನ ಜೊತೆ ಮಾತೇ ಆಡುವುದಿಲ್ಲ ಎಂದು ಮುನಿಸಿಕೊಂಡಿತ್ತು.

“ಆರಿಸಿ ಹಚ್ಚಿ” ಅಂದ ನಂಜೇಶ. ಆರಿಸಿ ಹಚ್ಚಿದಳು. ಆಗಲಿಲ್ಲ.

“ನಿಮ್ಮೂರ ಕರೆಂಟು ಸರಿಯಿಲ್ಲ” ಅಂದ. ಯುಪಿಎಸ್ಸಿನ ಬ್ಯಾಟರಿ ಬದಲಾಯಿಸಿದಳು. ಆಗಲಿಲ್ಲ.

“ನೆಟ್ಟು ವೀಕು” ಅಂದ. ಪಕ್ಕದ ಮೆಡಿಕಲ್ ಸ್ಟೋರಿನವರ ವೈಫೈ ಬಿಟ್ಟು ತಾನೇ ಕನೆಕ್ಷನ್ ಹಾಕಿಸಿಕೊಂಡಳು. ಕೆಂಪು ಸಾಲು ಇನ್ನೂ ಬೇಗ ಬರತೊಡಗಿತು, ಅಷ್ಟೇ. ನಂಜನಗೂಡಿನಲ್ಲಿ ಕೂತೇ ಅವಳ ಪರದೆ ನೋಡುವ ದಾರಿಯನ್ನೂ ಅವನು ಯತ್ನಿಸಿದ. ಅದೂ ಹತ್ತಲಿಲ್ಲ.

“ನೆಟ್ಟಲ್ಲಿ ಕೆಲವು ಕಡೆ ಓದ್ರೆ ಗಡಿಯಾರದ ಚಿತ್ರ ಬತ್ತದೆ ಕಣಪ್ಪ, ಕೆಳಗೆ ಏನೋ ಇಂಗ್ಲೀಷು” ಅಂದಳು ಒಂದು ದಿನ.

“ಗಡಿಯಾರ ಅಂದ್ರೆ ಕಾಯಿರಿ ಅಂತ ಅಕ್ಕ. ಕಾಯಿರಿ.”

ಕಾದಳು. ಅವಳು ಕಾಯುತ್ತಿದ್ದಂತೆ ಪಿಂಚಣಿಯ ಮುದುಕರು ಒಬ್ಬೊಬ್ಬರಾಗಿ ರಸ್ತೆ ದಾಟಿ ಬೇರೆ ಅಂಗಡಿಗೆ ಹೋದರು.

ಇಷ್ಟು ಹೊತ್ತಿಗೆ ನಂಜೇಶನಿಗೆ ಕೈಗುಣದ ಚಿಂತೆ ಹತ್ತಿತ್ತು. ತನಗೆ ತಿಳಿಯುತ್ತಿಲ್ಲ ಅನ್ನುವ ಎರಡು ಪದದ ಮಾತು ಅವನ ಬಾಯಿಗೆ ಅಭ್ಯಾಸವಿರಲಿಲ್ಲ. ಸಿಪಿಯು ಬಿಚ್ಚಿದಾಗ ಗಾಳಿ ಕಿಂಡಿಯ ಹತ್ತಿರ ಒಂದಿಷ್ಟು ಕುಂಕುಮ, ವಿಭೂತಿ ಮೆತ್ತಿದ್ದು ನೆನಪಾಯಿತು. ಪ್ರತಿ ಶುಕ್ರವಾರ ಮೆಷಿನ್ನಿಗೆ ಪೂಜೆ ಮಾಡುವುದು ಆಕೆಯ ಪದ್ಧತಿ. ಮೇಲೆ ಮಾದಪ್ಪನ ಪಟವೂ ಇರುತ್ತಿತ್ತು.

“ನೀವು ಕುಂಕುಮ ಇಡ್ತೀರಲ್ಲ ಅಕ್ಕ, ಅದೇ ಒಳಗೆ ಹೋಗಿ ಕೆಡಿಸಿರೋದು” ಅಂದುಬಿಟ್ಟ. ಆ ಕುಂಕುಮವನ್ನು ತಾನೇ ಊದಿ ತೆಗೆದಿದ್ದೆ ಅನ್ನುವುದನ್ನು ಹೇಳಲಿಲ್ಲ.

ಅತ್ತ ಕಡೆಯಿಂದ “ಆಯ್ತು ಕಣಪ್ಪ” ಎಂಬ ಸದ್ದು ಬಂತು, ಫೋನು ಇಟ್ಟಳು. ನಂಜೇಶ ಗೆದ್ದವನಂತೆ ಟೀ ತರಿಸಿ ಕುಡಿದ.

ಮುಂದಿನ ವಾರ ಅವಳೇ ಫೋನು ಮಾಡಿದಳು. ಜಗಳಕ್ಕಲ್ಲ.

“ಕುಂಕುಮ ಎಲ್ಲಾ ಒರೆಸ್ಬುಟ್ಟೆ. ಮಾದಪ್ಪನ ಪಟಾನೂ ಮನೇಗೆ ತಂದ್ಮಡಗಿವ್ನಿ. ಸಂಜೆ ದೀಪಾನೂ ಅಚ್ಚಕಿಲ್ಲ ಈಗ. ಆದ್ರೂ ಆಯ್ತಿಲ್ಲ ಕಣಪ್ಪ.”

“ಅಕ್ಕ, ಅದು ಬರೀ ದೂಳಿನ ವಿಷಯ…”

“ನೀನು ಏಳಿದ್ದು ದೂಳಿನ ಮಾತೇ ಅಂತ ನಂಗೊತ್ತು. ಬೀದೀಲಿ ಅಂಗನ್ನಕಿಲ್ಲ. ಗಂಡ ಇಲ್ದೋಳು ಕುಂಕುಮ ಇಡೋಕೋಗಿ ಮೆಷಿನ್ನು ಸಾಯಿಸಿದ್ಲು ಅಂತಾರೆ. ಅಂಗಡಿ ಸುರುವಾದಾಗಿಂದ್ಲೂ ಇಟ್ಟಿವ್ನಿ, ಆಗ ಸಾಯ್ಲಿಲ್ವಲ್ಲ ಅಂತ ನಾನೂ ಅಂದೆ. ಆದ್ರೆ ರಿಪೇರಿಯವ್ರೇ ಏಳವ್ರಲ್ಲ ಅಂತಾರೆ. ಅದುಕ್ಕೆ ನಾನೇನು ಏಳ್ಲಿ, ಏಳು?”

ನಂಜೇಶ “ನೋಡ್ತೀನಿ ಅಕ್ಕ” ಎಂದು ಫೋನು ಇಟ್ಟ. ಎದುರಿಗಿದ್ದ ಟೀ ಮೇಲೆ ಕೆನೆ ಕಟ್ಟುವವರೆಗೂ ಫೋನನ್ನೇ ನೋಡುತ್ತಾ ಕೂತಿದ್ದ. ತಾನು ಬರೀ ದೂಳೆಂದು ಉದುರಿಸಿದ್ದು ಆಕೆಯ ಹಣೆಗೆ ಹೋಗಿ ಮೆತ್ತಿಕೊಂಡಿತ್ತು.

ಆ ಭಾನುವಾರ ಬೆಳಗ್ಗೆ ಮನೆಯಲ್ಲಿ ತಿಂಡಿಗೆ ಕೂತಿದ್ದ. ಯಾವುದೋ ಮದುವೆಯ ದಿನ ನೋಡಲು ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರೆ ಅದು ಹಿಂದಿನ ತಿಂಗಳಲ್ಲೇ ನೇತಾಡುತ್ತಿತ್ತು. ಒಳಗಿನ ಕಸಿವಿಸಿಯನ್ನು ಯಾರ ಮೇಲಾದರೂ ಇಳಿಸಬೇಕಾಗಿತ್ತು.

“ಮಂಗಳಾ, ಒಂದು ಹಾಳೆ ತಿರುಗಿಸೋಕೂ ಪುರುಸೊತ್ತಿಲ್ವಾ ನಿನಗೆ? ತಾರೀಕೇ ತಪ್ಪಾಗಿದ್ರೆ ಮುಂದಿನ ಕೆಲಸ ಯಾವುದಾದ್ರೂ ನೆಟ್ಟಗಾಗುತ್ತಾ?”

ಹೆಂಡತಿ ಸರ್ವಮಂಗಳಾ ಒಲೆಯ ಮುಂದಿನಿಂದಲೇ ಅಂದಳು: “ಅದನ್ನ ಹೋದ ತಿಂಗಳಿಗೆ ತಿರುಗಿಸಿದ್ದು ನೀವೇ. ಏಕಾದಶಿ ಯಾವತ್ತಿತ್ತು ಅಂತ ನೋಡಿದ್ರಿ, ಹಂಗೇ ಬಿಟ್ರಿ.”

ಇಡ್ಲಿಯ ತುಂಡು ಬಾಯಿಯ ಹತ್ತಿರವೇ ನಿಂತಿತು. ಹಿಂದಕ್ಕೆ ತಿರುಗಿಸಿದ್ದು ನೀವೇ, ಹಂಗೇ ಬಿಟ್ರಿ. ಬಸವ ಜಯಂತಿ. ಗಡಿಯಾರದ ಚಿತ್ರ. ಕಾಯಿರಿ ಅಕ್ಕ, ಕಾಯಿರಿ. ತಾರೀಕು ಹಿಂದಿರುವ ಮೆಷಿನ್ನು ಅಪ್‌ಡೇಟ್ ಕಳಿಸುವವರನ್ನು ನಂಬುವುದಿಲ್ಲ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಇನ್ನೂ ಬಾರದ ದಿನದ ಚೀಟಿ ತಂದವನನ್ನು ಬಾಗಿಲಲ್ಲೇ ನಿಲ್ಲಿಸುವಂತೆ ಅದೂ ನಿಲ್ಲಿಸುತ್ತದೆ. ಎಷ್ಟು ಜನರಿಗೆ ಅದನ್ನು ಅವನೇ ವಿವರಿಸಿದ್ದ, ಕಣ್ಣು ಅರೆಮುಚ್ಚಿಕೊಂಡು.

“ಯಾಕೆ, ಉಪ್ಪು ಜಾಸ್ತಿಯಾಯ್ತಾ?” ಅಂದಳು ಸರ್ವಮಂಗಳಾ.

“ಇಲ್ಲ” ಅಂದ. ಇಡ್ಲಿ ತಟ್ಟೆಯಲ್ಲೇ ಉಳಿಯಿತು.

ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಅಕ್ಕ, ಮೂಲೆಯ ತಾರೀಕಿನ ಮೇಲೆ ಒತ್ತಿ, ಅಷ್ಟೇ. ಎರಡು ಸಲ ಫೋನು ಎತ್ತಿದ. ಎತ್ತಿದಾಗಲೆಲ್ಲ, ಆಮೇಲೆ ಅವಳು ಯಾಕಪ್ಪ ಅಂತ ಕೇಳಿದರೆ ಎಂಬ ಯೋಚನೆ ಬಂದು ಕೆಳಗಿಟ್ಟ. ಸ್ವತಃ ಹೋಗುವುದೇ ಸರಿ ಅನ್ನಿಸಿತು. ಹಾಗೆ ಹೋಗುವುದು ದೊಡ್ಡತನದಂತೆಯೂ ಕಾಣುತ್ತದೆ ಅನ್ನುವುದು ಅವನ ಲೆಕ್ಕದಲ್ಲಿ ಇರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ.

ಸೋಮವಾರ ಅಂಗಡಿಯ ಬಾಗಿಲು ಅರ್ಧ ತೆರೆದು, ಡ್ರಾಯರಿನಿಂದ ಒಂದು ಬಿಲ್ಲೆ ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡ. ಕಂಪ್ಯೂಟರಿನ ಒಳಗೆ ಗಡಿಯಾರ ನಡೆಸುವ ಬ್ಯಾಟರಿ ಅದು. ಅದು ಸತ್ತರೆ ತಾರೀಕು ತಾನಾಗಿಯೇ ಹಿಂದಕ್ಕೆ ಹೋಗುತ್ತದೆ. ಪುಟ್ಟಬಸಮ್ಮನ ಮೆಷಿನ್ನಿನ ಬ್ಯಾಟರಿ ಗಟ್ಟಿಮುಟ್ಟಾಗಿಯೇ ಇತ್ತು. ಇದು ಮೆಷಿನ್ನಿಗಲ್ಲ, ಮಾತಿಗೆ.

ಸುತ್ತೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮಾತು ಜೋಡಿಸಿಕೊಂಡ. ‘ಬ್ಯಾಟರಿ ಹೋಗಿತ್ತು ಅಕ್ಕ. ಯಾರ ತಪ್ಪೂ ಅಲ್ಲ. ನಿಮ್ಮ ಕುಂಕುಮದ್ದೂ ಅಲ್ಲ.’ ಇದು ಚೆನ್ನಾಗಿತ್ತು. ಅವಳಿಗೂ ನೆಮ್ಮದಿ, ತನಗೂ ನೆಮ್ಮದಿ, ತಪ್ಪೆಲ್ಲ ಬಾಯಿಲ್ಲದ ಬಿಲ್ಲೆಯದು. ಆದರೂ ಬಸ್ಸು ಗುಂಡಿಗೆ ಬಿದ್ದು ಎಗರಿದಾಗಲೆಲ್ಲ ಜೇಬಿನ ಬಿಲ್ಲೆ ಎದೆಗೆ ತಾಗುತ್ತಿತ್ತು. ಅಷ್ಟು ಹಗುರದ ವಸ್ತು ಅಷ್ಟು ತಾಗಬಾರದಿತ್ತು.

ಪುಟ್ಟಬಸಮ್ಮನ ಅಂಗಡಿಯಲ್ಲಿ ಮೆಷಿನ್ನಿನ ಮೇಲಿನ ಗೋಡೆಯಲ್ಲಿ ಪಟ ಇದ್ದ ಜಾಗದಲ್ಲಿ ದೂಳಿಲ್ಲದ ಒಂದು ಚೌಕ ಉಳಿದಿತ್ತು. ಬೆಂಚಿನ ಮೇಲೆ ಒಬ್ಬರೇ ಒಬ್ಬರು ಕೂತಿದ್ದರು, ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರು ಸಿದ್ದಮಲ್ಲಪ್ಪನವರು. ಅವರಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ನಿವೃತ್ತಿಯಾದ ಮೇಲೂ ದಿನಾ ಕಚೇರಿ ಹೊತ್ತಿಗೆ ಬಂದು, ಕಚೇರಿಯ ಎದುರಿಗೇ ಕೂತು, ಕಚೇರಿ ಮುಚ್ಚಿದ ಮೇಲೆ ಏಳುತ್ತಿದ್ದರು. ಬೀದಿಯ ಮಾತುಗಳಿಗೆಲ್ಲ ಸೀಲು ಹಾಕುವವರು ಅವರೇ.

“ಅಯ್ಯೋ, ಅಲ್ಲಿಂದ ಬಂದ್ಯೇನಪ್ಪಾ!” ಪುಟ್ಟಬಸಮ್ಮ ತಡಬಡಿಸಿ ಎದ್ದು, ತಾನು ಕೂತಿದ್ದ ಕುರ್ಚಿಯನ್ನೇ ಸೆರಗಿನಿಂದ ಒರೆಸಿ ಅವನಿಗೆ ಕೊಟ್ಟಳು. “ನನ್ ಒಂದ್ ಮೆಷಿನ್ನಿಗೋಸ್ಕರ ಅಂಗಡಿ ಬುಟ್ಟು ಬಂದವ್ನೆ ನೋಡಿ ಸಾ. ಇಂಥವ್ರು ಎಲ್ಲವ್ರೆ ಈಗ?”

ನಂಜೇಶ ತಲೆಯೆತ್ತದೆ ಮೆಷಿನ್ ಹಚ್ಚಿದ. ಮೂಲೆಯಲ್ಲಿ ತಾರೀಕು ಕಾಯುತ್ತಿತ್ತು, ಬಸವ ಜಯಂತಿ ಕಳೆದು ಕೆಲವು ವಾರ. ಅಲ್ಲಿಂದ ಅದು ತನ್ನ ಪಾಡಿಗೆ ದಿನ ಎಣಿಸುತ್ತಾ, ಇನ್ನೂ ಆಷಾಢಕ್ಕೆ ಬಂದು ಸೇರಿರಲಿಲ್ಲ.

“ಈ ತಾರೀಕು… ನೀವು ಮುಟ್ಟಲಿಲ್ವಾ ಅಕ್ಕ?”

“ನೀನಿಟ್ಟ ಮೂರ್ತ ಅಲ್ವಾ? ಅದ್ನ ಮುಟ್ಟಬಾರದು ಅಂತ ಅಂಗೇ ಬುಟ್ಟಿವ್ನಿ.”

ನಂಜೇಶ ತಾರೀಕು ಸರಿಮಾಡಿದ. ಎರಡು ಬೆರಳಿನ ಕೆಲಸ. ಅಪ್‌ಡೇಟಿನ ಗುಂಡಿ ಒತ್ತಿದ. ಚುಕ್ಕಿಗಳು ಸುತ್ತಿದವು. ಕೆಂಪು ಸಾಲು ಬರಲಿಲ್ಲ. ಹಸಿರು ಪಟ್ಟಿಯೊಂದು ಎಡಗಡೆಯಿಂದ ಇಂಚಿಂಚಾಗಿ ಹರಿಯತೊಡಗಿತು.

“ಬಂತು! ಬಂತು ಕಣಪ್ಪಾ!” ಪುಟ್ಟಬಸಮ್ಮ ಪರದೆಗೆ ಕೈಮುಗಿದಳು. ಮುಗಿದ ಕೈಯನ್ನು ಯಾರಾದರೂ ನೋಡಿದರೇನೋ ಎಂಬಂತೆ ತಟ್ಟನೆ ಇಳಿಸಿಕೊಂಡಳು. “ನಿನ್ ಕೈಗುಣ ದೊಡ್ದು. ತಡಿ, ಕಾಫಿ ತರ್ತೀನಿ. ಊಟಾನೂ ಮಾಡ್ಕಂಡೇ ಓಗ್ಬೇಕು. ಇಲ್ಲ ಅನ್ಬ್ಯಾಡ.”

ಆಕೆ ಎರಡು ಮಳಿಗೆ ಆಚೆಯ ಹೋಟೆಲಿಗೆ ಹೋಗಿ ಲೋಟಗಳನ್ನು ಹಿಡಿದು ತಂದಳು. ನಂಜೇಶ ಹಸಿರು ಪಟ್ಟಿಯನ್ನೇ ನೋಡುತ್ತಿದ್ದ. ಎದ್ದು ಹೋಗುವುದಾದರೆ ಇದೇ ಹೊತ್ತು. ಕೆಲಸ ಆಗಿದೆ, ಕೈಗುಣ ಉಳಿದಿದೆ, ಯಾರೂ ಏನೂ ಕೇಳಿಲ್ಲ. ಬ್ಯಾಟರಿಯ ಮಾತೂ ಬೇಕಾಗಲಿಲ್ಲ. ಕಾಫಿಯನ್ನು ತುಟಿಗಿಟ್ಟ. ಸಕ್ಕರೆ ಹೆಚ್ಚಾಗೇ ಹಾಕಿಸಿದ್ದಳು, ನೆಂಟರಿಗೆ ಹಾಕಿಸುವಂತೆ.

“ಅಕ್ಕ, ಮಾದಪ್ಪನ ಪಟ ವಾಪಸ್ ಇಡಿ” ಅಂದ, ಲೋಟದೊಳಕ್ಕೆ.

“ಬ್ಯಾಡ ಬುಡಪ್ಪ. ಈಗ ನೆಟ್ಟಗಾಗದೆ. ಮತ್ತೆ ನನ್ ಕೈ ತಾಗಿ ಏನಾರ ಆದ್ರೆ?” ಆಕೆ ಅದನ್ನು ದುಃಖದಿಂದಲೂ ಹೇಳಲಿಲ್ಲ. ಮಳೆ ಬಂದರೆ ಬಟ್ಟೆ ಒಳಗೆ ಹಾಕಬೇಕು ಅನ್ನುವಂತೆ ಹೇಳಿದಳು.

ಅಷ್ಟು ಹೊತ್ತೂ ಗಂಭೀರವಾಗಿ ಹಸಿರು ಪಟ್ಟಿಯ ಮೇಲ್ವಿಚಾರಣೆ ಮಾಡುತ್ತಿದ್ದ ಸಿದ್ದಮಲ್ಲಪ್ಪನವರು ಗಂಟಲು ಸರಿಮಾಡಿಕೊಂಡರು. ಬೀದಿಯ ಪ್ರಕರಣವೊಂದು ತೀರ್ಮಾನವಾಗದೆ ಉಳಿದಿತ್ತು. ಖುದ್ದು ತಜ್ಞರೇ ಸಿಕ್ಕಿರುವಾಗ ಷರಾ ಬರೆದು ಮುಗಿಸುವುದು ಅವರ ಕರ್ತವ್ಯ. ಆಚೆ ಮೆಡಿಕಲ್ ಸ್ಟೋರಿನವನೂ ಕೇಳಿಸಿಕೊಳ್ಳಲು ಕತ್ತು ಹೊರಗೆ ಹಾಕಿದ.

“ಏನ್ರೀ ರಿಪೇರಿಯವರೇ, ಒಂದು ಮಾತು ಖುಲಾಸೆ ಮಾಡಿಬಿಡಿ. ನಾವೆಲ್ಲ ಚರ್ಚೆ ಮಾಡ್ತಾನೇ ಇದ್ದೀವಿ. ಈ ಯಂತ್ರ ಕೆಟ್ಟದ್ದು ಕುಂಕುಮದ ದೋಷಾನೋ, ಇಲ್ಲಾ ಕುಂಕುಮ ಇಟ್ಟ ಕೈಯ ದೋಷಾನೋ?”

ಪುಟ್ಟಬಸಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ನಂಜೇಶನ ಬೆರಳು ತಾನಾಗಿಯೇ ಜೇಬಿಗೆ ಹೋಯಿತು. ಬಿಲ್ಲೆ ಅಲ್ಲೇ ಇತ್ತು, ತಣ್ಣಗೆ, ಯಾವ ಮಾತಿಗೂ ಸಿದ್ಧವಾಗಿ. ಅವನು ಬರಿಗೈಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟ.

“ಎರಡೂ ಅಲ್ಲ ಸಾ. ಕೆಡಿಸಿದ್ದು ನಾನು.”